ಹಳೆಯ ಯುದ್ಧನೌಕೆಗಳಲ್ಲಿ ಯಾವುದನ್ನು ನೋಡಬೇಕು: ವಿಕ್ಟರಿ, ಟ್ರಿಂಕೋಮಲಿ, ಕಾನ್‌ಸ್ಟಿಟ್ಯೂಷನ್, ಎಂಡೆವರ್?

ಹದಿನೆಂಟನೇ ಶತಮಾನದ ಸಮುದ್ರಗಳನ್ನು ಆಳಿದ ಹಾಯಿಹಡಗುಗಳು ಬಹುಪಾಲು ಕೊಳೆತುಹೋದವು, ಸುಟ್ಟುಹೋದವು, ಇಲ್ಲವೇ ಹಳೆಯ ಮರದ ಬೆಲೆಗೆ ಮಾರಾಟವಾದವು. ಒಳಹೊಕ್ಕು ಓಡಾಡಬಹುದಾದಂಥವು ಇಂದು ಬೆರಳೆಣಿಕೆಯಷ್ಟು ಮಾತ್ರ. ಅವು ಇರುವುದು ಇಂಗ್ಲೆಂಡ್, ಸ್ಕಾಟ್ಲೆಂಡ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ. ಈಗ ಈ ದೇಶಗಳಲ್ಲೆಲ್ಲ ಕನ್ನಡಿಗರು ನೆಲೆಸಿದ್ದಾರೆ. ಊರಿನಿಂದ ಅವರ ಮನೆಗೆ ಹೋಗಿಬರುವವರೂ ಬಹಳ ಮಂದಿ. ಆದರೆ ಒಂದು ಪ್ರವಾಸದಲ್ಲಿ ಒಂದು ಹಡಗನ್ನು ನೋಡಲು ಸಿಗುವುದೇ ಹೆಚ್ಚು. ಹಾಗಿರುವಾಗ ಯಾವುದನ್ನು ಆರಿಸಿಕೊಳ್ಳಬೇಕು ಎಂಬುದಕ್ಕೆ ಈ ಬರಹ.

ಗಾತ್ರ, ತೋಪುಗಳ ಸಂಖ್ಯೆ, ಪ್ರಸಿದ್ಧಿ ಇವುಗಳನ್ನು ನೋಡಿ ಆರಿಸುವುದು ಸುಲಭ. ಹಾಗೆ ಆರಿಸಿದರೆ ವಿಕ್ಟರಿ ಒಂದೇ ಉಳಿಯುತ್ತದೆ. ನಾನು ಬೇರೆಯದೇ ಅಳತೆಗೋಲನ್ನು ಸೂಚಿಸುತ್ತೇನೆ: ಆ ಕಾಲದ ಯಾವ ಅಧಿಕಾರಿಯ ಬದುಕನ್ನು ತಿಳಿಯಲು ನಿಮಗೆ ಆಸೆ? ನೂರಾರು ಜನರ ಶ್ರೇಣಿಯ ತುದಿಯಲ್ಲಿ ಕುಳಿತ ಅಡ್ಮಿರಲ್‌ನದೇ, ಒಂಟಿಯಾಗಿ ಅಲೆದು ತಾನೇ ತೀರ್ಮಾನ ಮಾಡುತ್ತಿದ್ದ ಫ್ರಿಗೇಟ್ (ಚಿಕ್ಕದಾದ, ವೇಗದ ಯುದ್ಧನೌಕೆ) ಕಪ್ತಾನನದೇ, ನಕ್ಷೆಯಿಲ್ಲದ ತೀರವನ್ನು ಅಳೆಯುತ್ತ ಹೋದ ಅನ್ವೇಷಕನದೇ? ಪ್ರತಿ ಹಡಗೂ ಇವರಲ್ಲಿ ಒಬ್ಬರ ಬದುಕನ್ನು ಮಾತ್ರ ಚೆನ್ನಾಗಿ ತೋರಿಸುತ್ತದೆ.

ಅಧಿಕಾರಿಯ ಏಣಿ

ಬ್ರಿಟಿಷ್ ನೌಕಾಪಡೆಯಲ್ಲಿ ಅಧಿಕಾರಿಯಾಗಬೇಕಾದವನು ಹನ್ನೆರಡು, ಹದಿಮೂರರ ವಯಸ್ಸಿಗೇ ಹಡಗು ಹತ್ತುತ್ತಿದ್ದ. ಭೂಸೇನೆಯಲ್ಲಿ ಹುದ್ದೆಯನ್ನು ಹಣ ಕೊಟ್ಟು ಕೊಳ್ಳಬಹುದಿತ್ತು, ನೌಕಾಪಡೆಯಲ್ಲಿ ಹಾಗಿರಲಿಲ್ಲ. ಆರು ವರ್ಷ ಸಮುದ್ರದಲ್ಲಿ ಕಳೆದು, ಕಪ್ತಾನರ ಮಂಡಳಿಯ ಮುಂದೆ ನಿಂತು, ಹಾಯಿ, ಹಗ್ಗ, ದಿಕ್ಕು, ಗಾಳಿಗಳ ಬಗ್ಗೆ ಉತ್ತರಿಸಿದರಷ್ಟೇ ಲೆಫ್ಟಿನೆಂಟ್ ಪದವಿಗೆ ಅರ್ಹತೆ. ಆದರೂ ಬಂಧುಬಳಗದ ಶಿಫಾರಸು ಇಲ್ಲದೆ ಮೇಲೇರುವುದು ಕಷ್ಟವಾಗಿತ್ತು. ಮುಂದೆ ಬ್ರಿಟನ್ನಿನ ಪ್ರಸಿದ್ಧ ಅಡ್ಮಿರಲ್ ಆದ ಹೊರೇಷಿಯೊ ನೆಲ್ಸನ್ 1771ರಲ್ಲಿ ಹನ್ನೆರಡನೇ ವಯಸ್ಸಿನಲ್ಲಿ ಸೇರಿದ್ದು ಸೋದರಮಾವ ಮಾರಿಸ್ ಸಕ್ಲಿಂಗ್‌ನ ಹಡಗಿಗೆ. 1777ರಲ್ಲಿ ಪರೀಕ್ಷೆಗೆ ನಿಂತಾಗ ಅದೇ ಸೋದರಮಾವ ಪರೀಕ್ಷಕರ ಮಂಡಳಿಯಲ್ಲಿದ್ದ. ಇಪ್ಪತ್ತು ತುಂಬಿದ ಮಾತ್ರಕ್ಕೆ ತನ್ನಷ್ಟಕ್ಕೆ ತಾನೇ ಯಾವ ಹುಡುಗನೂ ಕಪ್ತಾನನಾಗುತ್ತಿರಲಿಲ್ಲ. ನೆಲ್ಸನ್ ಇಪ್ಪತ್ತನೇ ವಯಸ್ಸಿಗೇ ಪೂರ್ಣ ಕಪ್ತಾನನಾದ. ಅದರಲ್ಲಿ ಅವನ ಪ್ರತಿಭೆಯ ಪಾಲಿನ ಜೊತೆಗೆ ಮಾವನ ಪಾಲೂ ಇತ್ತು ಎಂಬುದನ್ನು ಮರೆಯಬಾರದು.

ಪೂರ್ಣ ಕಪ್ತಾನನಾದ ಮೇಲೆ ಬಡ್ತಿ ಕೇವಲ ಹಿರಿತನದಿಂದ. ಮೇಲಿನವರು ಸತ್ತಂತೆಲ್ಲ ಕೆಳಗಿನವರು ಪಟ್ಟಿಯಲ್ಲಿ ಏರುತ್ತ ಅಡ್ಮಿರಲ್ ಆಗುತ್ತಿದ್ದರು. ಶಾಂತಿಯ ಕಾಲದಲ್ಲಿ ಹಡಗು ಸಿಗದವರು ಅರ್ಧ ಸಂಬಳದಲ್ಲಿ ದಡದ ಮೇಲೆ ಕಾಯುತ್ತಿದ್ದರು.

ಹಡಗುಗಳಿಗೂ ಹೀಗೆಯೇ ದರ್ಜೆಗಳಿದ್ದವು. 100 ತೋಪುಗಳು ಮತ್ತು ಅದಕ್ಕಿಂತ ಹೆಚ್ಚಿದ್ದವು ಮೊದಲನೇ ದರ್ಜೆ. ಒಂದರ ಹಿಂದೊಂದು ನಿಂತು ಕಾದುವ ಯುದ್ಧದ ಸಾಲಿನ ಬೆನ್ನೆಲುಬಾಗಿದ್ದ 74 ತೋಪಿನ ಹಡಗುಗಳು ಮೂರನೇ ದರ್ಜೆ. ಫ್ರಿಗೇಟುಗಳು ಐದು, ಆರನೇ ದರ್ಜೆಗಳಲ್ಲಿ ಬರುತ್ತಿದ್ದವು. ಆ ಕಾಲದ ನಿಜವಾದ ದುಡಿಮೆಗಾರನಾದ 74 ತೋಪಿನ ಹಡಗು ಒಂದೂ ಇಂದು ಉಳಿದಿಲ್ಲ. ಅದು ನನಗೆ ಇಂದಿಗೂ ನೋವಿನ ಸಂಗತಿ.

ವಿಕ್ಟರಿ, ಪೋರ್ಟ್ಸ್‌ಮತ್

ಥಾಮಸ್ ಸ್ಲೇಡ್ ವಿನ್ಯಾಸ ಮಾಡಿದ ಈ ಹಡಗಿನ ಅಡಿಮರವನ್ನು 1759ರಲ್ಲಿ ಚಾಟಮ್‌ನಲ್ಲಿ ಇರಿಸಲಾಯಿತು. ನೀರಿಗೆ ಇಳಿದದ್ದು 1765ರ ಮೇ 7ರಂದು. ಸುಮಾರು 6000 ಮರಗಳು, ಅವುಗಳಲ್ಲಿ ಬಹುಪಾಲು ಓಕ್, ಇದಕ್ಕೆ ಬೇಕಾದವು. ಏಳು ವರ್ಷಗಳ ಯುದ್ಧ ಮುಗಿಯುವ ಹಂತಕ್ಕೆ ಬಂದದ್ದರಿಂದ ಕೆಲಸ ನಿಧಾನವಾಯಿತು. ಪಕ್ಕೆಲುಬಿನ ಮರಗಳು ವರ್ಷಗಟ್ಟಲೆ ಗಾಳಿಗೆ ಒಣಗುತ್ತ ನಿಂತವು. ಇಷ್ಟು ಕಾಲ ಬಾಳಿದ್ದಕ್ಕೆ ಅದೂ ಒಂದು ಕಾರಣ ಎನ್ನುತ್ತಾರೆ. 1778ರಲ್ಲಿ ಅಡ್ಮಿರಲ್ ಕೆಪೆಲ್ ಇದರಲ್ಲಿ ಉಶಾಂತ್ ಯುದ್ಧಕ್ಕೆ ಹೋದ. 1797ರಲ್ಲಿ ಸೇಂಟ್ ವಿನ್ಸೆಂಟ್ ಭೂಶಿರದ ಯುದ್ಧದಲ್ಲಿ ಇದು ಜಾನ್ ಜರ್ವಿಸ್‌ನ ಹಡಗು. 1805ರ ಅಕ್ಟೋಬರ್ 21ರಂದು ಸ್ಪೇನ್ ತೀರದ ಟ್ರಫಾಲ್ಗರ್ ಯುದ್ಧದಲ್ಲಿ ನೆಲ್ಸನ್ ಸತ್ತದ್ದು ಇದರೊಳಗೆ.

ನೆಲ್ಸನ್ ಬಿದ್ದ ಜಾಗದ ಹಿತ್ತಾಳೆ ಫಲಕದ ಮುಂದೆ ಜನ ಗುಂಪುಗೂಡುತ್ತಾರೆ. ನನ್ನ ಮಾತು ಕೇಳುವುದಾದರೆ, ಅಲ್ಲಿ ಹೆಚ್ಚು ಹೊತ್ತು ನಿಲ್ಲಬೇಡಿ. ಮೇಲಿನಿಂದ ಕೆಳಕ್ಕೆ ಇಳಿಯುತ್ತ ಹೋಗಿ. ಹಿಂಭಾಗದ ಮೇಲ್ಗಡೆ ಕಪ್ತಾನ ಹಾರ್ಡಿಯ ಕೋಣೆ, ಅದರ ಕೆಳಗೆ ಅಡ್ಮಿರಲ್‌ನ ವಿಶಾಲವಾದ ಕೋಣೆಗಳು, ಅದಕ್ಕೂ ಕೆಳಗೆ ಲೆಫ್ಟಿನೆಂಟರ ಊಟದ ಕೋಣೆ. ಇನ್ನೂ ಇಳಿದರೆ 32 ಪೌಂಡ್ ಗುಂಡಿನ ತೋಪುಗಳ ಸಾಲು. ಒಂದೊಂದು ತೋಪಿನ ತೂಕ ಎರಡೂವರೆ ಟನ್ನಿಗೂ ಹೆಚ್ಚು. ಆ ತೋಪುಗಳ ನಡುವೆಯೇ ನಾವಿಕರು ಜೋಲಿ ಕಟ್ಟಿ ಮಲಗುತ್ತಿದ್ದರು, ತಲೆಗೆ 14 ಅಂಗುಲ ಅಗಲದ ಜಾಗದಲ್ಲಿ. ನೀರಿನ ಮಟ್ಟಕ್ಕಿಂತ ಕೆಳಗೆ, ಹಗಲೂ ಕತ್ತಲಾಗಿರುವ ಓರ್ಲಾಪ್ ಡೆಕ್ ಎಂಬ ಅಂತಸ್ತಿನಲ್ಲಿ ಮಿಡ್‌ಶಿಪ್‌ಮನ್ (ಅಧಿಕಾರಿಯಾಗಲು ಕಲಿಯುತ್ತಿದ್ದ) ಹುಡುಗರು ಮತ್ತು ಶಸ್ತ್ರವೈದ್ಯ. ನೆಲ್ಸನ್ ಕೊನೆಯುಸಿರೆಳೆದದ್ದು ಈ ಕತ್ತಲಲ್ಲೇ. ಟ್ರಫಾಲ್ಗರ್‌ನ ದಿನ 800ಕ್ಕೂ ಹೆಚ್ಚು ಜನ ಒಳಗಿದ್ದರು. ಯಾರು ಎಷ್ಟು ಬೆಳಕು, ಎಷ್ಟು ಗಾಳಿ ಪಡೆಯಬೇಕೆಂಬುದನ್ನು ಅವರವರ ಪದವಿಯೇ ನಿರ್ಧರಿಸುತ್ತಿತ್ತು. ಅಡ್ಮಿರಲ್‌ನ ಕೋಣೆಯೊಳಗೂ ತೋಪುಗಳು ನಿಂತಿರುವುದನ್ನು ಗಮನಿಸಿ. ಯುದ್ಧದ ಮುನ್ನ ಅವನ ಗೋಡೆ, ಮೇಜು, ಕುರ್ಚಿಗಳನ್ನೆಲ್ಲ ಕಳಚಿ ಕೆಳಗೆ ಸಾಗಿಸಿ, ಇಡೀ ಡೆಕ್ಕನ್ನು ಒಂದೇ ಬಯಲಾಗಿ ಮಾಡುತ್ತಿದ್ದರು.

ಒಂದು ಕೊರತೆಯನ್ನು ಹೇಳಲೇಬೇಕು. 1922ರಿಂದ ಒಣ ಕಟ್ಟೆಯಲ್ಲಿರುವ ಈ ಹಡಗಿನಲ್ಲಿ ನೆಲ್ಸನ್ ಕಾಲದ ಮರ ಉಳಿದಿರುವುದು ಸುಮಾರು ಐದರಲ್ಲಿ ಒಂದು ಪಾಲು. 2022ರಿಂದ ದೀರ್ಘಕಾಲದ ದುರಸ್ತಿ ನಡೆಯುತ್ತಿದ್ದು, ಹೊರಗಿನಿಂದ ಕಾಣುವುದು ಹೆಚ್ಚಾಗಿ ಸಾರುವೆ ಮತ್ತು ಹೊದಿಕೆ. ಎತ್ತರದ ಹಾಯಿಕಂಬಗಳ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ನಿರಾಸೆಯಾದೀತು. ಒಳಭಾಗಕ್ಕಾಗಿ ಹೋಗುವವರಿಗೆ ಆಗದು.

ಟ್ರಿಂಕೋಮಲಿ, ಹಾರ್ಟಲ್‌ಪೂಲ್

ಒಂದನ್ನೇ ನೋಡಲು ಸಾಧ್ಯವಿರುವ ಕನ್ನಡ ಓದುಗರಿಗೆ ನಾನು ಹೇಳುವುದು ಇದನ್ನು. ಇಂಗ್ಲೆಂಡಿನ ಈಶಾನ್ಯ ಮೂಲೆಯ ಸಣ್ಣ ಬಂದರು ಪಟ್ಟಣದಲ್ಲಿರುವುದರಿಂದ ಲಂಡನ್‌ಗೆ ಬಂದವರು ಇತ್ತ ತಲೆ ಹಾಕುವುದು ಕಡಿಮೆ. ನೀರಿನ ಮೇಲೆ ಇನ್ನೂ ತೇಲುತ್ತಿರುವ ಬ್ರಿಟನ್ನಿನ ಯುದ್ಧನೌಕೆಗಳಲ್ಲಿ ಅತ್ಯಂತ ಹಳೆಯದು ಇದೇ.

ಇದು ನೀರಿಗಿಳಿದದ್ದು 1817ರ ಅಕ್ಟೋಬರ್ 12ರಂದು. ಹಾಗಾದರೆ ಹದಿನೆಂಟನೇ ಶತಮಾನದ ಪಟ್ಟಿಯಲ್ಲಿ ಏಕೆ ಎಂದು ಕೇಳಬಹುದು. 1782ರಲ್ಲಿ ಬ್ರಿಟಿಷರು ಹೆಬೆ ಎಂಬ ಫ್ರೆಂಚ್ ಫ್ರಿಗೇಟನ್ನು ಸೆರೆಹಿಡಿದರು. ಅದರ ಸೊಗಸಾದ ಮೈಕಟ್ಟನ್ನು ನಕಲು ಮಾಡಿ ಲೀಡಾ ಎಂಬ ಹೆಸರಿನ ಹಡಗನ್ನು, ಆಮೇಲೆ ಅದೇ ಮಾದರಿಯ ಹತ್ತಾರು ಹಡಗುಗಳನ್ನು ಕಟ್ಟಿದರು. ಟ್ರಿಂಕೋಮಲಿ ಆ ವಂಶದ್ದು. ಶತ್ರುವಿನ ವಿನ್ಯಾಸವೇ ಚೆನ್ನಾಗಿದ್ದರೆ ಅದನ್ನು ಅಳೆದು ಅನುಸರಿಸಲು ಆ ಕಾಲದ ಬ್ರಿಟಿಷರಿಗೆ ಸಂಕೋಚವಿರಲಿಲ್ಲ.

ಕಟ್ಟಿದ್ದು ಬೊಂಬಾಯಿಯಲ್ಲಿ, ಜಮ್‌ಶೇಟ್‌ಜಿ ಬೊಮನ್‌ಜಿ ವಾಡಿಯಾ ಅವರ ಮೇಲ್ವಿಚಾರಣೆಯಲ್ಲಿ. ಅವರ ವಂಶದ ಲವ್‌ಜಿ ನಸರ್‌ವಾನ್‌ಜಿ 1736ರಲ್ಲಿ ಸೂರತ್‌ನಿಂದ ಬೊಂಬಾಯಿಗೆ ಬಂದು ಹಡಗುಕಟ್ಟೆಯ ಕೆಲಸ ಹಿಡಿದಿದ್ದ. ಬಳಸಿದ್ದು ಮಲಬಾರಿನ ತೇಗ. ಆ ದಿನಗಳಲ್ಲಿ ನಮ್ಮ ಕೆನರಾ ಸೀಮೆಯ ಕಾಡುಗಳ ತೇಗವೂ ನದಿಗಳಲ್ಲಿ ತೇಲಿ, ಕರಾವಳಿ ಮುಟ್ಟಿ, ಬೊಂಬಾಯಿಯ ಕಟ್ಟೆಗಳಿಗೆ ಹೋಗುತ್ತಿತ್ತು. ಓಕ್ ಮರದ ಆಮ್ಲ ಕಬ್ಬಿಣದ ಮೊಳೆಗಳನ್ನು ತಿನ್ನುತ್ತದೆ. ತೇಗದ ಎಣ್ಣೆಯಂಶ ಅವುಗಳನ್ನು ಕಾಪಾಡುತ್ತದೆ, ಕೊಳೆಯುವುದನ್ನೂ ತಡೆಯುತ್ತದೆ. ಈ ಹಡಗಿನ ಮೂಲ ಮರದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇಂದಿಗೂ ಉಳಿದಿರುವುದಕ್ಕೆ ಅದೇ ಕಾರಣ. ಅಂದರೆ ಇಲ್ಲಿ ನೀವು ಕೈಯಿಟ್ಟು ಸವರುವ ತೊಲೆ ನಿಜಕ್ಕೂ ಆ ಬಡಗಿಗಳು ಕಡೆದದ್ದಾಗಿರುವ ಸಂಭವ ವಿಕ್ಟರಿಗಿಂತ ಬಹಳ ಹೆಚ್ಚು. ಸಹ್ಯಾದ್ರಿಯ ಮಗ್ಗುಲಿನ ಮರ, ಪಾರಸಿ ಕುಶಲಿಗಳ ಕೆಲಸ, ಫ್ರೆಂಚರ ನಕ್ಷೆ, ಬ್ರಿಟಿಷರ ಬಾವುಟ: ಇವೆಲ್ಲ ಒಂದೇ ಮೈಯಲ್ಲಿ ಸೇರಿರುವ ಇನ್ನೊಂದು ವಸ್ತು ಎಲ್ಲಿ ಸಿಕ್ಕೀತು?

ಹೆಸರಿನ ಹಿಂದೆಯೂ ನಮಗೆ ಹತ್ತಿರದ ಕಥೆಯಿದೆ. 1782ರಲ್ಲಿ ಸಿಂಹಳದ ಟ್ರಿಂಕೋಮಲಿಯ ಎದುರು ನಡೆದ ಸಮುದ್ರಯುದ್ಧದ ನೆನಪು ಅದು. ಅದಕ್ಕೆ ಎರಡು ವರ್ಷ ಮೊದಲು, 1780ರ ಡಿಸೆಂಬರ್‌ನಲ್ಲಿ, ಬ್ರಿಟಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿಗೆ ಬಂದು ಹೈದರಾಲಿಯ ಹಡಗುಗಳನ್ನು ನಾಶಮಾಡಿದ್ದ. ಹೈದರನಿಗೆ ಸಮುದ್ರದಲ್ಲಿ ಆಸರೆಯಾಗಿ ಬಂದವನು ಫ್ರೆಂಚ್ ದಂಡನಾಯಕ ಸುಫ್ರೆನ್. 1782ರ ಫೆಬ್ರವರಿಯಿಂದ 1783ರ ಜೂನ್‌ವರೆಗೆ ಹ್ಯೂಸ್ ಮತ್ತು ಸುಫ್ರೆನ್ ಐದು ಬಾರಿ ಮುಖಾಮುಖಿಯಾದರು. ಐದರಲ್ಲಿ ಒಮ್ಮೆಯೂ ಸಾಲುಗಟ್ಟಿ ಕಾದ ಹಡಗುಗಳಲ್ಲಿ ಒಂದನ್ನಾದರೂ ಸೆರೆಹಿಡಿಯಲು ಇಬ್ಬರಿಗೂ ಆಗಲಿಲ್ಲ. 1782ರ ಜುಲೈ ಕೊನೆಯಲ್ಲಿ ಸುಫ್ರೆನ್ ಕಡಲೂರಿನ ಬಳಿ ಹೈದರನನ್ನು ಕಂಡು ಮಾತನಾಡಿದ. ಟ್ರಿಂಕೋಮಲಿಯ ಕಾಳಗದಲ್ಲಿ ಅವನ ಅನೇಕ ಕಪ್ತಾನರು ಹಿಂದುಳಿದು, ಅವನ ಹೀರೋಸ್ ಹಡಗು ಮುಖ್ಯ ಹಾಯಿಕಂಬವನ್ನೇ ಕಳೆದುಕೊಂಡಿತು. ಫ್ರೆಂಚ್ ನೌಕಾಪಡೆಯಲ್ಲಿ ಅಧಿಕಾರಿಯಾಗಲು ಕುಲೀನ ಮನೆತನವೇ ಮುಖ್ಯ ಅರ್ಹತೆ. ಕುಲ, ಹಿರಿತನಗಳ ಹಮ್ಮಿದ್ದ ಕಪ್ತಾನರನ್ನು ತನ್ನ ವೇಗಕ್ಕೆ ಎಳೆತರುವುದು ಸುಫ್ರೆನ್‌ಗೆ ಕೊನೆಯವರೆಗೂ ಸಾಧ್ಯವಾಗಲಿಲ್ಲ. ಅವನಂಥ ಸೇನಾನಿಗೆ ಒಳ್ಳೆಯ ಕಪ್ತಾನರು ಸಿಕ್ಕಿದ್ದರೆ ಮೈಸೂರಿನ ಯುದ್ಧದ ದಾರಿ ಬೇರೆಯಾಗಬಹುದಿತ್ತು ಎಂದು ನನಗೆ ಅನಿಸುತ್ತದೆ.

ಹಡಗಿನೊಳಗೆ ಬಂದರೆ, ಫ್ರಿಗೇಟಿನ ಬದುಕು ವಿಕ್ಟರಿಗಿಂತ ಹೇಗೆ ಭಿನ್ನ ಎಂಬುದು ತಕ್ಷಣ ಕಾಣುತ್ತದೆ. ತೋಪುಗಳ ಪೂರ್ಣ ಸಾಲು ಒಂದೇ ಡೆಕ್‌ನಲ್ಲಿದೆ. ಜನ ಮಲಗುವ ಡೆಕ್ ಅದರ ಕೆಳಗೆ ಬೇರೆಯಾಗಿದೆ. ಸುಮಾರು 300 ಜನರಿಗೆ ಒಬ್ಬನೇ ಕಪ್ತಾನ, ಮೇಲೆ ಅಡ್ಮಿರಲ್ ಇಲ್ಲ. ದಂಡಿನಿಂದ ದೂರ ಹೋಗಿ ಶತ್ರುವಿನ ಸುಳಿವು ತರುವುದು, ವ್ಯಾಪಾರಿ ಹಡಗುಗಳನ್ನು ಕಾಯುವುದು, ಶತ್ರುವಿನ ಹಡಗುಗಳನ್ನು ಹಿಡಿಯುವುದು ಇವನ ಕೆಲಸ. ಹಿಡಿದ ಹಡಗಿನ ಬೆಲೆಯನ್ನು ಎಂಟು ಪಾಲು ಮಾಡಿದರೆ ಮೂರು ಪಾಲು ಕಪ್ತಾನನಿಗೆ. ಅಡ್ಮಿರಲ್‌ನ ಅಧೀನದಲ್ಲಿದ್ದರೆ ಅದರಲ್ಲಿ ಒಂದು ಪಾಲು ಅವನಿಗೆ. ಲೆಫ್ಟಿನೆಂಟರು ಮತ್ತು ಅವರ ಸಮಾನರೆಲ್ಲ ಸೇರಿ ಹಂಚಿಕೊಳ್ಳುತ್ತಿದ್ದದ್ದು ಒಂದೇ ಪಾಲು. ಈ ನಿಯಮ 1808ರವರೆಗೆ ನಡೆಯಿತು. ಮಹತ್ವಾಕಾಂಕ್ಷೆಯ ತರುಣ ಕಪ್ತಾನರೆಲ್ಲ ದೊಡ್ಡ ಹಡಗಿಗಿಂತ ಫ್ರಿಗೇಟನ್ನೇ ಬಯಸುತ್ತಿದ್ದದ್ದು ಏಕೆಂದು ಇದರಿಂದ ತಿಳಿಯುತ್ತದೆ.

ಟ್ರಿಂಕೋಮಲಿ ದೊಡ್ಡ ಯುದ್ಧಗಳನ್ನು ಕಾಣಲಿಲ್ಲ. ವೀರಗಾಥೆಯನ್ನು ಹುಡುಕಿ ಹೋಗುವವರಿಗೆ ಇದು ಕೊರತೆ ಎನಿಸಬಹುದು. ಮುಂದೆ ಫೌಡ್ರಾಯಂಟ್ ಎಂಬ ಹೆಸರಿನಲ್ಲಿ ತರಬೇತಿ ಹಡಗಾಗಿ ದಶಕಗಳನ್ನು ಕಳೆದು, 2001ರ ಹೊತ್ತಿಗೆ ಹಾರ್ಟಲ್‌ಪೂಲ್‌ನಲ್ಲಿ ಹಳೆಯ ರೂಪಕ್ಕೆ ಮರಳಿತು.

ಇದರ ಒಡಹುಟ್ಟು ಯೂನಿಕಾರ್ನ್ ಸ್ಕಾಟ್ಲೆಂಡಿನ ಡಂಡೀ ಬಂದರಿನಲ್ಲಿದೆ. 1824ರಲ್ಲಿ ಚಾಟಮ್‌ನಲ್ಲಿ ಕಟ್ಟಿದ್ದು, ಅದೇ ಲೀಡಾ ಮಾದರಿ. ಹಾಯಿಕಂಬಗಳನ್ನು ಎಂದೂ ನೆಡದೆ ಮೇಲೆ ಮಾಡು ಕಟ್ಟಿ ಕಾಯ್ದಿಟ್ಟದ್ದರಿಂದ ಒಳಗಿನ ಮೂಲ ಮರ ಅಪರೂಪವೆನ್ನುವಷ್ಟು ಉಳಿದಿದೆ. ಮರಗೆಲಸದ ಜೋಡಣೆಯನ್ನು ಅಭ್ಯಾಸ ಮಾಡುವವರು ಮಾತ್ರ ಇದನ್ನು ಮೊದಲ ಆಯ್ಕೆಯಾಗಿ ಇಟ್ಟುಕೊಳ್ಳಬಹುದು.

ಕಾನ್‌ಸ್ಟಿಟ್ಯೂಷನ್, ಬಾಸ್ಟನ್

ಅಮೆರಿಕದಲ್ಲಿರುವವರಿಗೆ ಹುಡುಕಾಟವೇ ಬೇಡ. 1797ರ ಅಕ್ಟೋಬರ್ 21ರಂದು ಬಾಸ್ಟನ್‌ನಲ್ಲೇ ನೀರಿಗಿಳಿದು ಇಂದಿಗೂ ಅಮೆರಿಕದ ನೌಕಾಪಡೆಯ ಸೇವೆಯಲ್ಲೇ ಇರುವ, ಇನ್ನೂ ತೇಲುತ್ತಿರುವ ಹಡಗು ಇದು. ಒಳಗೆ ವಿವರಿಸುವವರು ಸೇವೆಯಲ್ಲಿರುವ ನಾವಿಕರು. ಪ್ರವೇಶ ಉಚಿತ, ದೊಡ್ಡವರು ಗುರುತಿನ ಚೀಟಿ ತೋರಿಸಬೇಕು, ಪಾಸ್‌ಪೋರ್ಟ್ ಜೊತೆಗಿರಲಿ.

ವಿನ್ಯಾಸಕ ಜೋಶುವಾ ಹಂಫ್ರೀಸ್ ಹೊಸ ದೇಶಕ್ಕೆ ದೊಡ್ಡ ದಂಡು ಕಟ್ಟುವ ಶಕ್ತಿಯಿಲ್ಲವೆಂದು ಅರಿತು, ಕೆಲವೇ ಫ್ರಿಗೇಟುಗಳನ್ನು ಎಲ್ಲರಿಗಿಂತ ಬಲವಾಗಿ ಕಟ್ಟುವ ದಾರಿ ಹಿಡಿದ. ಬ್ರಿಟಿಷ್ ಫ್ರಿಗೇಟುಗಳ ಮುಖ್ಯ ತೋಪು 18 ಪೌಂಡ್ ಗುಂಡಿನದು, ಇದರದ್ದು 24. ಪಕ್ಕೆಗಳಿಗೆ ಬಳಸಿದ್ದು ದಕ್ಷಿಣದ ತೀರದ ಗಟ್ಟಿ ಲೈವ್ ಓಕ್. 1812ರಲ್ಲಿ ಗೆರಿಯರ್ ಎಂಬ ಬ್ರಿಟಿಷ್ ಫ್ರಿಗೇಟಿನ ಗುಂಡುಗಳು ಇದರ ಮೈಗೆ ಬಡಿದು ಹಿಂದಕ್ಕೆ ಚಿಮ್ಮಿದವೆಂಬ ಮಾತಿನಿಂದಲೇ ಕಬ್ಬಿಣದ ಮೈಯ ಹಡಗು (ಓಲ್ಡ್ ಐರನ್‌ಸೈಡ್ಸ್) ಎಂಬ ಬಿರುದು ಬಂದದ್ದು.

ಅದೇ ವರ್ಷದ ಡಿಸೆಂಬರ್ 29ರಂದು ಬ್ರೆಜಿಲ್ ತೀರದಾಚೆ ಇದು ಜಾವಾ ಎಂಬ ಬ್ರಿಟಿಷ್ ಫ್ರಿಗೇಟನ್ನು ಸೋಲಿಸಿತು. ಜಾವಾ ಭಾರತಕ್ಕೆ ಹೊರಟಿತ್ತು, ಟ್ರಿಂಕೋಮಲಿಯ ನಕ್ಷೆಗಳ ಮೊದಲ ಪ್ರತಿ ಅದರಲ್ಲಿತ್ತು. ಕಪ್ತಾನ ಲ್ಯಾಂಬರ್ಟ್ ಗಾಯಗೊಂಡು ಸತ್ತ. ಗೆದ್ದ ಬೇನ್‌ಬ್ರಿಜ್ ಜರ್ಜರಿತವಾದ ಜಾವಾವನ್ನು ಸುಟ್ಟುಹಾಕಿದ. ಬೊಂಬಾಯಿಗೆ ಮತ್ತೊಂದು ಪ್ರತಿಯನ್ನು ಕಳುಹಿಸಬೇಕಾಯಿತು. ಹಾಗಾಗಿ ಬಾಸ್ಟನ್ನಿನ ಈ ಹಡಗನ್ನೂ ಹಾರ್ಟಲ್‌ಪೂಲಿನದನ್ನೂ ನೋಡಿದವರು ಒಂದೇ ಕಥೆಯ ಎರಡು ತುದಿಗಳನ್ನು ಮುಟ್ಟಿದಂತೆ.

ಬಾಸ್ಟನ್‌ನಲ್ಲಿ ಗೆಲುವಿನ ಮಾತೇ ಹೆಚ್ಚು ಕೇಳಿಸುತ್ತದೆ. 1813ರ ಜೂನ್ 1ರಂದು ಅದೇ ಬಾಸ್ಟನ್ನಿನ ಎದುರು, ಲೀಡಾ ವಂಶದ ಶಾನನ್ ಎಂಬ ಹಡಗು ಅಮೆರಿಕದ ಚೆಸಾಪೀಕನ್ನು ಕಾಲು ಗಂಟೆಯಲ್ಲಿ ವಶಪಡಿಸಿಕೊಂಡದ್ದನ್ನೂ ನೆನಪಿಡಿ. ಶಾನನ್‌ನ ಕಪ್ತಾನ ಫಿಲಿಪ್ ಬ್ರೋಕ್ ವರ್ಷಗಳ ಕಾಲ ತನ್ನವರಿಗೆ ತೋಪಿನ ಗುರಿ ಅಭ್ಯಾಸ ಮಾಡಿಸಿದ್ದ. ಮರದ ದಪ್ಪ, ಗುಂಡಿನ ತೂಕಗಳಷ್ಟೇ ಅಧಿಕಾರಿಯ ಶಿಸ್ತಿಗೂ ಬೆಲೆಯಿತ್ತು. ಇನ್ನು ಮೂಲ ಮರದ ವಿಷಯ: ಇಲ್ಲಿ ಉಳಿದಿರುವುದು ಹತ್ತರಲ್ಲಿ ಒಂದೆರಡು ಪಾಲು ಮಾತ್ರ.

ಎಂಡೆವರ್, ಸಿಡ್ನಿ

ಇದು ಪ್ರತಿಕೃತಿ, 1993ರಲ್ಲಿ ಫ್ರೀಮ್ಯಾಂಟಲ್‌ನಲ್ಲಿ ನೀರಿಗಿಳಿದದ್ದು. ಹಾಗೆಂದು ಕಡೆಗಣಿಸಬೇಡಿ. ಮೂಲ ಹಡಗು 1764ರಲ್ಲಿ ವಿಟ್ಬಿಯಲ್ಲಿ ಕಲ್ಲಿದ್ದಲು ಸಾಗಿಸಲು ಕಟ್ಟಿದ್ದು, ಉದ್ದ ಸುಮಾರು 32 ಮೀಟರ್. ಅದರಲ್ಲಿ 94 ಜನ ಭೂಮಿಯನ್ನು ಸುತ್ತಲು ಹೊರಟರು.

ಅಧಿಕಾರಿಯ ಏಣಿಗೆ ಅಪವಾದವಾದ ಮನುಷ್ಯನ ಬದುಕು ಇಲ್ಲಿ ಸಿಗುತ್ತದೆ. ಜೇಮ್ಸ್ ಕುಕ್ ಕೃಷಿಕೂಲಿಯ ಮಗ. ಕಲ್ಲಿದ್ದಲು ಹಡಗುಗಳಲ್ಲಿ ಕೆಲಸ ಕಲಿತು, 1755ರಲ್ಲಿ ನೌಕಾಪಡೆಗೆ ಸಾಮಾನ್ಯ ನಾವಿಕನಾಗಿ ಸೇರಿ, ಲೆಫ್ಟಿನೆಂಟ್ ಆದದ್ದು 1768ರಲ್ಲಿ, 39ನೇ ವಯಸ್ಸಿಗೆ. ನೆಲ್ಸನ್ ಆ ವಯಸ್ಸಿಗೆ ಅಡ್ಮಿರಲ್ ಆಗಿದ್ದ. ಕುಕ್‌ನನ್ನು ಮೇಲೆತ್ತಿದ್ದು ಅವನ ಸರ್ವೇಕ್ಷಣೆಯ ನಿಖರತೆ.

1770ರ ಜೂನ್‌ನಲ್ಲಿ ಹಡಗು ಆಸ್ಟ್ರೇಲಿಯಾದ ಹವಳದ ದಿಬ್ಬಕ್ಕೆ ಸಿಕ್ಕಿ ಬಿತ್ತು. ತೋಪುಗಳನ್ನೂ ಸಾಮಾನುಗಳನ್ನೂ ಸಮುದ್ರಕ್ಕೆ ಎಸೆದು ಹಗುರ ಮಾಡಿದರು. ಜೊನಾಥನ್ ಮಂಕ್‌ಹೌಸ್ ಎಂಬ ಮಿಡ್‌ಶಿಪ್‌ಮನ್ ತಾನು ಹಿಂದೆ ಕಂಡಿದ್ದ ಉಪಾಯವನ್ನು ಹೇಳಿದ: ಹಗ್ಗದ ನಾರು, ಉಣ್ಣೆ, ಸಗಣಿಗಳನ್ನು ಹಚ್ಚಿದ ಹಾಯಿಯನ್ನು ಹಡಗಿನ ಅಡಿಯಲ್ಲಿ ಎಳೆದು ತೂತಿಗೆ ಒತ್ತುವುದು. ಕುಕ್ ಆ ಕೆಲಸವನ್ನು ಅವನಿಗೇ ವಹಿಸಿದ, ಹಡಗು ಉಳಿಯಿತು. ಬಟಾವಿಯಾದಲ್ಲಿ (ಇಂದಿನ ಜಕಾರ್ತಾ) ತಗಲಿದ ರೋಗಗಳು ಹಿಂದಿರುಗುವ ದಾರಿಯಲ್ಲಿ ಹಲವರನ್ನು ಕೊಂದವು. ಮಂಕ್‌ಹೌಸ್ ಕೂಡ ಅವರಲ್ಲೊಬ್ಬ. ಅಧಿಕಾರಿಗಳಿಗೆ ಜಾಗ ಮಾಡಲು ತಗ್ಗಿಸಿದ ಡೆಕ್‌ನಲ್ಲಿ ಬೆನ್ನು ಬಗ್ಗಿಸಿ ನಡೆಯುವಾಗ ಆ ಹುಡುಗನ ನೆನಪು ಬರುತ್ತದೆ.

ಆರಿಸುವಾಗ ಇನ್ನೆರಡು ಮಾತು

ನಾಲ್ಕೂ ಹಡಗುಗಳಲ್ಲಿ ಮೆಟ್ಟಿಲುಗಳು ಕಡಿದು, ಮೇಲ್ಚಾವಣಿ ತಗ್ಗು. ಮಂಡಿನೋವಿರುವ ಹಿರಿಯರನ್ನು ಕರೆದೊಯ್ಯುವವರು ಮೇಲಿನ ಒಂದೆರಡು ಡೆಕ್‌ಗಳಿಗೆ ತೃಪ್ತಿಪಟ್ಟುಕೊಳ್ಳಬೇಕಾದೀತು. ಚಿಕ್ಕ ಮಕ್ಕಳಿದ್ದರೆ ಎಂಡೆವರ್ ಒಳ್ಳೆಯದು. ಇಡೀ ಹಡಗು ಅವರ ಕಣ್ಣಳತೆಗೆ ಸಿಗುತ್ತದೆ. ಅದು ಆಗಾಗ ಸಮುದ್ರಕ್ಕೆ ಹೊರಡುವುದರಿಂದ ಬಂದರಿನಲ್ಲಿದೆಯೇ ಎಂದು ವಿಚಾರಿಸಿಕೊಂಡು ಹೋಗಿ.

ಇಂಗ್ಲೆಂಡಿನಲ್ಲಿ ಎರಡು ದಿನ ಬಿಡುವಿದ್ದರೆ ಮೊದಲು ಹಾರ್ಟಲ್‌ಪೂಲ್, ಆಮೇಲೆ ಪೋರ್ಟ್ಸ್‌ಮತ್. ಸಣ್ಣ ಹಡಗಿನಲ್ಲಿ ಕಪ್ತಾನ, ಲೆಫ್ಟಿನೆಂಟ್, ನಾವಿಕರ ಜಾಗಗಳು ಮನಸ್ಸಿನಲ್ಲಿ ಸ್ಪಷ್ಟವಾಗಿ ಕುಳಿತ ಮೇಲೆ ವಿಕ್ಟರಿಯ ಒಂದರ ಮೇಲೊಂದಿರುವ ಡೆಕ್‌ಗಳಲ್ಲಿ ದಿಕ್ಕು ತಪ್ಪುವುದಿಲ್ಲ. ಫ್ರಾನ್ಸಿಗೆ ಹೋಗುವವರು, ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ನೆರವಾದ ಫ್ರೆಂಚ್ ಸೇನಾನಿ ಲಫಾಯೆಟ್‌ನನ್ನು 1780ರಲ್ಲಿ ಅಮೆರಿಕಕ್ಕೆ ಒಯ್ದ ಎರ್ಮಿಯೋನ್ ಫ್ರಿಗೇಟಿನ ಪ್ರತಿಕೃತಿಯ ಬಗ್ಗೆ ಕೇಳುತ್ತಾರೆ. ರೋಶ್‌ಫೋರ್‌ನಲ್ಲಿ ಕಟ್ಟಿದ ಆ ಹಡಗಿನ ಮರಕ್ಕೆ ಶಿಲೀಂಧ್ರ ತಗಲಿ ದುರಸ್ತಿಗೆ ನಿಂತಿದೆ. ಅದು ಮತ್ತೆ ಹಾಯಿ ಬಿಚ್ಚಿದ ಸುದ್ದಿ ಬಂದ ಮೇಲೆಯೇ ಅದಕ್ಕಾಗಿ ಪ್ರವಾಸದ ದಿನ ತೆಗೆದಿಡಿ.